ಮಕ್ಕಳಿರುವ ಮನೆಯಲ್ಲಿ ತಾಯಿಗೆ ತನ್ನದೇ ಒಂದು ಗಂಟೆ: ಹಾಸನ, ಚಿಕ್ಕಮಗಳೂರು ಕಡೆಯವರು ಹೇಗೆ ಹೊಂದಿಸಿಕೊಳ್ಳುತ್ತೀರಿ?

ಹೇಮಾವತಿ ತೀರ (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಮಗಳು ಎರಡನೇ ತರಗತಿಯಲ್ಲಿದ್ದಾಳೆ, ಮಗ ಯುಕೆಜಿ. ಮನೆಯಲ್ಲಿ ಪತಿ ಮತ್ತು ಅತ್ತೆ ಇದ್ದಾರೆ. ಇಬ್ಬರೂ ಒಳ್ಳೆಯವರೇ, ಮನೆಯಲ್ಲಿ ಜಗಳವೂ ಇಲ್ಲ. ಆದರೂ ಬೆಳಿಗ್ಗೆ ಐದಕ್ಕೆ ಎದ್ದವಳು ರಾತ್ರಿ ಹಾಸಿಗೆಗೆ ಬೀಳುವವರೆಗೆ, ಯಾರೂ ನನ್ನನ್ನು ಕರೆಯದೇ ಇರುವ ಒಂದು ಗಂಟೆ ಸಿಗುವುದಿಲ್ಲ.

ಈ ವಿಷಯದಲ್ಲಿ ಸಿಗುವ ಸಲಹೆಗಳನ್ನೆಲ್ಲ ಓದಿದ್ದೇನೆ. ಇನ್ನೂ ಒಂದು ಗಂಟೆ ಮೊದಲು ಏಳಿ ಎನ್ನುತ್ತಾರೆ. ನಾಲ್ಕಕ್ಕೆ ಎದ್ದರೆ ಆ ಗಂಟೆ ನನ್ನ ನಿದ್ದೆಯಿಂದಲೇ ಕತ್ತರಿಸಿದ್ದಾಗುತ್ತದೆ, ಮನೆಯವರು ಯಾರೂ ಏನನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ. ಮಕ್ಕಳು ಮಲಗಿದ ಮೇಲೆ ಓದಿ ಎನ್ನುತ್ತಾರೆ. ಆ ಹೊತ್ತಿಗೆ ಮೊಬೈಲಿನ ಮೇಲೆ ಬೆರಳಾಡಿಸುವುದಕ್ಕಿಂತ ಹೆಚ್ಚಿನ ತ್ರಾಣ ನನ್ನಲ್ಲಿ ಉಳಿದಿರುವುದಿಲ್ಲ. ಹವ್ಯಾಸವೊಂದನ್ನು ಬೆಳೆಸಿಕೊಳ್ಳಿ ಎಂದು ಹೇಳುವವರಿಗೆ ನನ್ನ ಉತ್ತರವೆಂದರೆ, ನನಗೆ ಕಲಿಯಬೇಕಾದದ್ದು ಸದ್ಯಕ್ಕೆ ಏನೂ ಇಲ್ಲ, ಸುಮ್ಮನೆ ಕೂರಬೇಕಾಗಿದೆ. ಇದೇ ಊರುಗಳಲ್ಲಿ, ಇಂಥದೇ ಮನೆಗಳಲ್ಲಿ ಇರುವ ನೀವು ಇದನ್ನು ಹೇಗೆ ಸಾಧಿಸಿದ್ದೀರಿ ಎಂಬುದನ್ನು ತಿಳಿಯುವ ಆಸೆ.

ಬೇಲೂರಿನ ಮೇಷ್ಟ್ರಮ್ಮ

ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಮೊದಲು ಎರಡು ಅಂಕಿಗಳನ್ನು ಮುಂದಿಡುತ್ತೇನೆ, ಏಕೆಂದರೆ ಇಂತಹ ಮಾತು ಬಂದಾಗ "ಈಗಿನ ಹೆಂಗಸರಿಗೆ ಏನು ಕಷ್ಟ, ಎಲ್ಲದಕ್ಕೂ ಮಷೀನು ಇದೆಯಲ್ಲ" ಎಂಬ ವಾದ ಬಂದೇ ಬರುತ್ತದೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಪುರುಷರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಮಹಿಳೆಯರದ್ದು 289ಕ್ಕೆ ಇಳಿಯಿತು, ಪುರುಷರದ್ದೂ 88ಕ್ಕೆ ಇಳಿಯಿತು. ಅಂತರವನ್ನು ಲೆಕ್ಕ ಹಾಕಿ ನೋಡಿ: ಆಗ 202 ನಿಮಿಷ, ಈಗ 201. ಕುಕ್ಕರು, ಗ್ರೈಂಡರು, ವಾಷಿಂಗ್ ಮಷೀನು ಎಲ್ಲವೂ ಕೆಲಸದ ಹೊತ್ತನ್ನು ಒಂದಿಷ್ಟು ತಗ್ಗಿಸಿರಬಹುದು, ಆದರೆ ಯಾರ ಪಾಲು ಎಷ್ಟು ಎಂಬುದು ಅಲುಗಾಡಿಲ್ಲ. ಪುರುಷರ ಆ ಸರಾಸರಿಯೂ ಮನೆಗೆಲಸ ಮಾಡುವವರದ್ದು ಮಾತ್ರ. 2019ರಲ್ಲಿ ಹಾಗೆ ಮಾಡುತ್ತಿದ್ದವರು ನೂರಕ್ಕೆ 26 ಮಂದಿ.

ಇನ್ನು ನಿಮ್ಮ ವಿಷಯ. ಕೈಗೆ ಕೆಲಸವಿಲ್ಲದ ಹೊತ್ತು ನಿಮಗೂ ನಡುನಡುವೆ ಸಿಗುತ್ತಿರಬೇಕು, ಆದರೆ ಆ ಹೊತ್ತಿನಲ್ಲೂ ಕಿವಿ ಕೆಲಸ ಮಾಡುತ್ತಲೇ ಇರುತ್ತದೆ. ಕುಕ್ಕರು ಎಷ್ಟು ಸಲ ಕೂಗಿತು, ಚಿಕ್ಕವನು ಸ್ನಾನದ ಮನೆಯಲ್ಲಿ ನೀರು ಚೆಲ್ಲುತ್ತಿದ್ದಾನೆಯೇ, ನಾಳೆ ಬಿಳಿ ಯೂನಿಫಾರ್ಮಿನ ದಿನವೇ, ಇಡ್ಲಿಗೆ ಉದ್ದು ನೆನೆಹಾಕಿದ್ದೇನೆಯೇ. ಇಷ್ಟೆಲ್ಲವನ್ನು ತಲೆಯಲ್ಲಿಟ್ಟುಕೊಂಡು ಪುಸ್ತಕ ಹಿಡಿದರೆ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿರುತ್ತೇವೆ. ಆದ್ದರಿಂದ ಮನೆಯವರನ್ನು ಕೇಳುವಾಗ "ಒಂದು ಗಂಟೆ ಬಿಡುವು ಕೊಡಿ" ಎಂದು ಕೇಳಬೇಡಿ. ಇಂಥ ದಿನ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಮನೆಯಲ್ಲಿ ಏನೇ ಆದರೂ ಉತ್ತರ ಹೇಳುವವರು ಯಾರು ಎಂಬುದನ್ನು ಹೆಸರು ಹಿಡಿದು ನಿಗದಿ ಮಾಡಿಸಿ. ಆ ಹೆಸರು ನಿಮ್ಮದಲ್ಲದ ಹೊತ್ತಿನಲ್ಲಿ ಮಾತ್ರ ನಿಮ್ಮ ತಲೆಗೆ ವಿಶ್ರಾಂತಿ.

ಕಳಸದ ಮಳೆ

ನಿಗದಿ ಮಾಡುವುದೇನೋ ಸರಿ, ಆದರೆ ನಮ್ಮ ಕಡೆಯ ಜುಲೈ ತಿಂಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಳೆ ಜೋರಾದರೆ ಬೆಳಿಗ್ಗೆ ತಿಂಡಿಯ ಡಬ್ಬಿ ಕಟ್ಟಿಯಾದ ಮೇಲೆ ಶಾಲೆಗೆ ರಜೆ ಎಂಬ ಸಂದೇಶ ಬರುತ್ತದೆ, ಕರೆಂಟು ಎರಡು ದಿನ ನಾಪತ್ತೆಯಾಗುತ್ತದೆ, ಒಣಗದ ಬಟ್ಟೆ ಮನೆಯೊಳಗೇ ನೇತಾಡುತ್ತದೆ. ಬೇಸಿಗೆಯಲ್ಲಿ ಹಾಕಿಕೊಂಡ ವೇಳಾಪಟ್ಟಿ ಮಲೆನಾಡಿನ ಮಳೆಗಾಲಕ್ಕೆ ನಿಲ್ಲುವುದಿಲ್ಲ. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಹೊರಗಿನ ಸಮಯದ ಆಸೆಯನ್ನೇ ಬಿಟ್ಟು, ರಾತ್ರಿಯ ಅಡುಗೆಯನ್ನು ಪೂರ್ತಿಯಾಗಿ ಪತಿಗೆ ಒಪ್ಪಿಸಿದ್ದೇನೆ. ಗಂಜಿ, ಚಟ್ನಿ, ಸುಟ್ಟ ಹಪ್ಪಳ, ಏನಾದರೂ ಸರಿ, ಆ ಹೊತ್ತಿನಲ್ಲಿ ನಾನು ಅಡುಗೆಮನೆಗೆ ಕಾಲಿಡುವುದಿಲ್ಲ.

ಅತ್ತೆಯೂ ಹೌದು (ಚನ್ನರಾಯಪಟ್ಟಣ)

ನಾನು ನಿಮ್ಮೆಲ್ಲರಿಗಿಂತ ಹಿರಿಯಳು, ಮೂರು ಮೊಮ್ಮಕ್ಕಳ ಅಜ್ಜಿ. ನಮ್ಮ ಕಾಲದಲ್ಲಿ ಇಂಥ ಬೇಡಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಎಂಬುದು ನಿಜ, ಆದರೆ ಸಮಯವೇ ಇರಲಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಮಧ್ಯಾಹ್ನದ ಊಟ ಮುಗಿದು ಪಾತ್ರೆ ಬೋರಲು ಹಾಕಿದ ಮೇಲೆ, ಹಸುಗಳು ಹಟ್ಟಿಗೆ ಮರಳುವವರೆಗೆ, ಕೇರಿಯ ಹೆಂಗಸರು ನಮ್ಮ ಜಗಲಿಯಲ್ಲಿ ಸೇರುತ್ತಿದ್ದೆವು. ಕೈಯಲ್ಲಿ ಹೂಬತ್ತಿಯೋ, ಹಸನು ಮಾಡುವ ಅಕ್ಕಿಯ ಮೊರವೋ ಇರುತ್ತಿತ್ತು, ಆದರೆ ಮಾತು ಮಾತ್ರ ನಮ್ಮದೇ. ಆ ಹೊತ್ತಿನಲ್ಲಿ ಗಂಡಸರು ಯಾರೂ ಜಗಲಿಯ ಕಡೆ ಸುಳಿಯುತ್ತಿರಲಿಲ್ಲ, ಮಕ್ಕಳು ಹತ್ತು ಮನೆಗಳ ಕಣ್ಣಳತೆಯಲ್ಲಿ ಆಡಿಕೊಂಡಿರುತ್ತಿದ್ದರು. ಈಗ ಗೇಟು ಹಾಕಿದ ಮನೆಯೊಳಗೆ ಒಬ್ಬಳೇ ತಾಯಿ, ಅವಳ ಎರಡೇ ಕಣ್ಣು.

ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಇಲ್ಲಿ ಬರೆಯುವ ಅನೇಕರು "ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು" ಎಂದು ಸಲೀಸಾಗಿ ಬರೆದುಬಿಡುತ್ತಾರೆ. ನನ್ನ ಮಂಡಿ ನೋವಿಗೆ ಮೆಟ್ಟಿಲು ಹತ್ತುವುದೇ ಕಷ್ಟ, ಯುಕೆಜಿಯ ಹುಡುಗನ ಹಿಂದೆ ಓಡುವುದೆಲ್ಲಿಂದ ಬಂತು? ಶನಿವಾರ ಸಂಜೆ ನನಗೆ ಭಜನೆ ಇರುತ್ತದೆ, ಮಧ್ಯಾಹ್ನ ಒಂದು ಗಂಟೆ ಮಲಗದಿದ್ದರೆ ತಲೆ ಸುತ್ತುತ್ತದೆ. ಸೊಸೆಯ ಬಿಡುವಿಗಾಗಿ ಅತ್ತೆ ದುಡಿದರೆ ಆ ಹೊರೆ ಒಬ್ಬ ಹೆಂಗಸಿನ ಹೆಗಲಿಂದ ಇನ್ನೊಬ್ಬ ಹೆಂಗಸಿನ ಹೆಗಲಿಗೆ ದಾಟಿತಷ್ಟೇ, ಮಧ್ಯದಲ್ಲಿ ಪೇಪರ್ ಓದುತ್ತಾ ಕುಳಿತ ನನ್ನ ಮಗ ಕುಳಿತೇ ಇರುತ್ತಾನೆ. ಹೇಮಾವತಿ ತೀರ ಅವರೇ, ನಿಮ್ಮ ಅತ್ತೆಯವರ ಸಮಯ ಯಾವುದು ಎಂದು ಅವರನ್ನೂ ಒಂದು ಮಾತು ಕೇಳಿ.

ಚಿಕ್ಕಮಗಳೂರಿನ ಅಪ್ಪ

ಪೇಪರ್ ಓದುವ ಮಗನ ಪರವಾಗಿ ಒಂದು ಮಾತು ಹೇಳಲು ಅವಕಾಶ ಕೊಡಿ. ನಾನು ಅಡುಗೆ ಮಾಡುತ್ತೇನೆ, ಮಕ್ಕಳನ್ನು ಓದಿಸುತ್ತೇನೆ. ಆದರೆ ನಾನು ಮಾಡುವಾಗ ಪತ್ನಿ ಅಡುಗೆಮನೆಯ ಬಾಗಿಲಲ್ಲೇ ನಿಂತಿರುತ್ತಾರೆ. ಒಗ್ಗರಣೆಗೆ ಎಣ್ಣೆ ಹೆಚ್ಚಾಯಿತು, ಡಬ್ಬಿಗೆ ಆ ಮುಚ್ಚಳ ಅಲ್ಲ, ಮಗಳಿಗೆ ಜಡೆ ಹಾಗೆ ಹಾಕುವುದಲ್ಲ. ಕೊನೆಗೆ "ಬಿಡಿ, ನಾನೇ ಮಾಡುತ್ತೇನೆ" ಎಂದು ಸೌಟು ಕಿತ್ತುಕೊಂಡು, ರಾತ್ರಿ ಮಾತ್ರ ತನಗೆ ಪುರುಸೊತ್ತೇ ಇಲ್ಲ ಎಂದು ಬೇಸರಿಸಿಕೊಳ್ಳುತ್ತಾರೆ. ಇದಕ್ಕೆ ಏನು ಹೇಳುತ್ತೀರಿ?

ಬೇಲೂರಿನ ಮೇಷ್ಟ್ರಮ್ಮ

ನಿಮ್ಮ ದೂರು ನ್ಯಾಯವಾದದ್ದೇ. ಒಪ್ಪಿಸಿದ ಕೆಲಸವನ್ನು ಸೊಟ್ಟಗೆ ಮಾಡುವ ಹಕ್ಕನ್ನೂ ಒಪ್ಪಿಸಬೇಕು. ಜಡೆ ಸ್ವಲ್ಪ ವಾಲಿದರೆ ಶಾಲೆಯಿಂದ ಯಾರೂ ವಾಪಸ್ ಕಳಿಸುವುದಿಲ್ಲ. ಆದರೆ ಅವರು ಬಾಗಿಲಲ್ಲಿ ಏಕೆ ನಿಲ್ಲುತ್ತಾರೆ ಎಂಬುದನ್ನೂ ನೀವು ಯೋಚಿಸಬೇಕು. ಡಬ್ಬಿಗೆ ಬೇರೆ ಮುಚ್ಚಳ ಹಾಕಿ ಸಾರು ಬ್ಯಾಗಿನಲ್ಲಿ ಚೆಲ್ಲಿದರೆ ಶಾಲೆಯಿಂದ ಫೋನ್ ಬರುವುದು ಯಾರಿಗೆ? ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಇರುವುದು ಯಾರ ನಂಬರು? ನಾನು ಶಿಕ್ಷಕಿಯಾಗಿಯೇ ಹೇಳುತ್ತೇನೆ, ಪೋಷಕರ ಗುಂಪುಗಳಲ್ಲಿ ಬಹುಪಾಲು ತಾಯಂದಿರೇ ಇರುತ್ತಾರೆ, ಅಪ್ಪಂದಿರ ನಂಬರು "ತುರ್ತು" ಎಂಬ ಕಾಲಮ್ಮಿನಲ್ಲಿ ಇರುತ್ತದೆ. ನೀವು ಆ ಗುಂಪಿಗೆ ಸೇರಿ, ಶಾಲೆಯ ಡೈರಿಗೆ ಸಹಿ ಹಾಕುವ ಕೆಲಸವನ್ನೂ ತೆಗೆದುಕೊಳ್ಳಿ. ಆಮೇಲೆ ಅವರು ಬಾಗಿಲಿನಿಂದ ಸರಿಯುತ್ತಾರೋ ಇಲ್ಲವೋ ನೋಡಿ.

ಇನ್ನೊಂದು ಉಪಾಯವಿದೆ. ಆ ಹೊತ್ತಿನಲ್ಲಿ ಅವರು ಮನೆಯಲ್ಲೇ ಇರಬಾರದು. ಕೋಣೆಯ ಬಾಗಿಲು ಹಾಕಿಕೊಂಡರೂ ಮಕ್ಕಳು ಕೆಳಗಿನ ಸಂದಿಯಲ್ಲಿ ಬೆರಳು ತೂರಿಸಿ ಕರೆಯುತ್ತಾರೆ.

ಹೇಮಾವತಿ ತೀರ (ಹಾಸನ)

ಮನೆಯಿಂದ ಹೊರಗೆ ಎಂದರೆ ಎಲ್ಲಿಗೆ ಎಂಬುದೇ ನನ್ನ ಮುಂದಿನ ಪ್ರಶ್ನೆ. ಗಂಡಸರಿಗೆ ಹೋಟೆಲಿದೆ, ಟೀ ಅಂಗಡಿಯಿದೆ, ಅರಳಿಕಟ್ಟೆಯಿದೆ, ಸ್ಟೇಡಿಯಮ್ಮಿನ ಮೆಟ್ಟಿಲಿದೆ. ಹೆಂಗಸು ಒಬ್ಬಳೇ ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಅರ್ಧ ಗಂಟೆ ಕುಳಿತರೆ ಮಾಣಿ ಎರಡು ಸಲ ಬಂದು "ಇನ್ನೇನಾದರೂ ಬೇಕಾ ಮೇಡಂ" ಎಂದು ಕೇಳುತ್ತಾನೆ, ಪರಿಚಯದವರು ಕಂಡರೆ "ಯಾರಿಗೆ ಕಾಯ್ತಾ ಇದ್ದೀರಿ" ಎನ್ನುತ್ತಾರೆ. ಮಹಾರಾಜ ಪಾರ್ಕಿನಲ್ಲಿ ವೇಗವಾಗಿ ನಡೆಯುತ್ತಿದ್ದರೆ ಯಾರೂ ಏನೂ ಕೇಳುವುದಿಲ್ಲ, ಬೆಂಚಿನ ಮೇಲೆ ಕುಳಿತರೆ ಕೇಳುತ್ತಾರೆ. ಯಾರ ಪ್ರಶ್ನೆಯೂ ಇಲ್ಲದೆ ಹೋಗಬಹುದಾದ ಏಕೈಕ ಜಾಗ ದೇವಸ್ಥಾನ, ಅಲ್ಲಿಂದಲೂ ಪ್ರಸಾದ ಹಿಡಿದು ಬೇಗ ಮರಳಬೇಕು.

ರತ್ನಗಿರಿ ಬೋರೆಯ ನಡಿಗೆ (ಚಿಕ್ಕಮಗಳೂರು)

ನೀವು ಬರೆದ ಸ್ಥಿತಿ ಇಲ್ಲಿಯೂ ಅದೇ. "ದೇವಸ್ಥಾನಕ್ಕೆ ಹೋಗಿದ್ದೆ" ಎಂಬ ಮಾತಿನ ಹಿಂದೆ ಎಷ್ಟು ಹೆಂಗಸರ ಎಷ್ಟು ಮೌನದ ಗಂಟೆಗಳಿವೆಯೋ ಆ ದೇವರಿಗೇ ಗೊತ್ತು. ನನಗೆ ಅನುಕೂಲವಾದ ಜಾಗಗಳನ್ನು ಹೇಳುತ್ತೇನೆ. ಸಾರ್ವಜನಿಕ ಗ್ರಂಥಾಲಯ ಮೊದಲನೆಯದು: ಅಲ್ಲಿ ಏನನ್ನೂ ಕೊಳ್ಳಬೇಕಾಗಿಲ್ಲ, ಮಾತನಾಡಬೇಕಾಗಿಯೂ ಇಲ್ಲ. ಸಂಜೆಯ ಹೊತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಯರ ಪಕ್ಕದ ಕುರ್ಚಿಯಲ್ಲಿ ವಾರಪತ್ರಿಕೆ ಹಿಡಿದು ಕುಳಿತರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಎರಡನೆಯದು ರತ್ನಗಿರಿ ಬೋರೆ, ಆದರೆ ಕತ್ತಲಾಗುವ ಮುಂಚೆ ಮಾತ್ರ. ನಾನೂ ಸ್ನೇಹಿತೆಯೊಬ್ಬರೂ ಜೊತೆಯಾಗಿ ಹತ್ತಿ, ಮೇಲೆ ಹೋದ ಮೇಲೆ ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತೇವೆ. ಮಾತನಾಡಬೇಕೆಂಬ ಕಟ್ಟುಪಾಡು ನಮ್ಮಲ್ಲಿಲ್ಲ. ಇಳಿಯುವಾಗ ಮತ್ತೆ ಜೊತೆ. ಹೆದರಿಕೆಯೂ ಇಲ್ಲ, ಮನೆಯಲ್ಲಿ "ಒಬ್ಬಳೇ ಏಕೆ" ಎಂಬ ಪ್ರಶ್ನೆಯೂ ಇಲ್ಲ.

ಅರಕಲಗೂಡಿನ ಮಗಳು (ಹಾಸನ)

ಎಲ್ಲರೂ ಬರೆದದ್ದನ್ನು ಓದಿದೆ. ನಾನು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ, ಹೆಸರು ಬೇಡ. ನಮ್ಮಂಥವರಿಗೆ ಇಂಥ ದಿನ ಇಷ್ಟು ಹೊತ್ತು ಎಂದು ನಿಗದಿ ಮಾಡಿಕೊಳ್ಳುವ ಮಾತು ದೂರದ್ದು, ಏಕೆಂದರೆ ಸಂಜೆಯ ಹೊತ್ತು ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಇದೆಯೋ ಇಲ್ಲವೋ ಎಂಬುದು ಮಧ್ಯಾಹ್ನದವರೆಗೂ ನಮಗೆ ತಿಳಿದಿರುವುದಿಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದಿದೆ. ನಾನು ಕೆಲಸ ಮಾಡುವಲ್ಲಿ ಕೋಣೆಯೇನೋ ಇದೆ, ಆದರೆ ಟಾರ್ಗೆಟ್ ಬಿಟ್ಟು ನಾಲ್ಕು ಸಲ ಎದ್ದು ಹೋಗುವ ಧೈರ್ಯ ಯಾರಿಗಿದೆ?

ನನ್ನ ಸಮಯ ಬಸ್ಸಿನಲ್ಲಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿಗೆ ನಮ್ಮಿಂದ ದುಡ್ಡಿಲ್ಲ. ಮೊದಲು ತವರಿಗೆ ಹೋಗಬೇಕೆಂದರೆ ಬಸ್ ಚಾರ್ಜಿಗೆ ಗಂಡನ ಕೈ ನೋಡಬೇಕಿತ್ತು, ಅವನು ಕಾರಣ ಕೇಳುತ್ತಿದ್ದ. ಈಗ ರಜೆಯ ಭಾನುವಾರ ಮಕ್ಕಳನ್ನು ಅವನ ಬಳಿ ಬಿಟ್ಟು ಕಿಟಕಿ ಪಕ್ಕದ ಸೀಟು ಹಿಡಿದು ಕೂತರೆ, ಊರು ಬರುವವರೆಗೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಒಮ್ಮೊಮ್ಮೆ ಅಮ್ಮನ ಮನೆಗಿಂತ ಆ ದಾರಿಯೇ ಚೆನ್ನಾಗಿರುತ್ತದೆ.

ತೋಟದ ಮನೆ (ಮೂಡಿಗೆರೆ)

ಅರಕಲಗೂಡಿನ ಮಗಳು ಬರೆದದ್ದು ಮನಸ್ಸಿಗೆ ನಾಟಿತು. ನಮ್ಮ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು ಓಡಾಡುವ ದಾರಿಗಳಿವೆ, ಅಲ್ಲಿ ಆ ಸೌಲಭ್ಯ ಇಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ, ಅಂದರೆ ನವೆಂಬರ್‌ನಲ್ಲಿ ಅರೇಬಿಕಾ ಶುರುವಾಗಿ ರೋಬಸ್ಟಾ ಮುಗಿಯುವ ಮಾರ್ಚ್‌ವರೆಗೆ, ತೋಟಕ್ಕೆ ಬರುವ ಹೆಣ್ಣಾಳುಗಳು ಕೂಸುಗಳನ್ನು ಗಿಡದ ನೆರಳಲ್ಲಿ ಸೀರೆಯ ಜೋಲಿಯಲ್ಲಿ ಮಲಗಿಸುವುದನ್ನು ನೋಡುತ್ತಲೇ ಇರುತ್ತೇನೆ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ 50 ಹೆಣ್ಣಾಳುಗಳು ಇರುವ ಅಥವಾ ಅವರ 20 ಮಕ್ಕಳು ಇರುವ ತೋಟಕ್ಕೆ ಶಿಶುಮಂದಿರ ಕಡ್ಡಾಯ ಎಂದು ಬರೆಯಲಾಗಿತ್ತು. ಕಾಫಿ ಬೆಳೆಗಾರರಲ್ಲಿ ಬಹುತೇಕರು 10 ಹೆಕ್ಟೇರಿಗಿಂತ ಕಡಿಮೆ ಇರುವವರು, ಅಷ್ಟು ಆಳುಗಳನ್ನು ಇಡುವವರು ಎಷ್ಟು ಮಂದಿ? ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಪಂಚಾಯಿತಿಗಳಲ್ಲಿ ತೆರೆದಿರುವ "ಕೂಸಿನ ಮನೆ"ಯಂಥದ್ದು ಕೊಯ್ಲಿನ ಕಾಲದಲ್ಲಿ ತೋಟದ ಕೂಲಿಯವರಿಗೂ ಸಿಕ್ಕರೆ ಎಷ್ಟೋ ಹಗುರವಾಗುತ್ತದೆ.

ನನ್ನ ವಿಷಯಕ್ಕೆ ಬಂದರೆ, ಹೋಂಸ್ಟೇ ಮಾಡಿದ ಮೇಲೆ ನನ್ನ ಭಾನುವಾರ ಹೋಯಿತು. ಬೆಂಗಳೂರಿನವರು ವಿಶ್ರಾಂತಿಗೆಂದು ಬರುತ್ತಾರೆ, ಅವರ ವಿಶ್ರಾಂತಿಗೆ ಬೇಕಾದ ಅಕ್ಕಿರೊಟ್ಟಿ, ಕಡುಬು, ಕೋಳಿಸಾರು ನನ್ನ ಒಲೆಯಿಂದ ಬರಬೇಕು. ಫೋಟೋಗಳಲ್ಲಿ ಮಂಜು, ಬೆಟ್ಟ, ಕಾಫಿಹೂವು ಎಲ್ಲ ಇರುತ್ತದೆ, ಅಡುಗೆಮನೆ ಇರುವುದಿಲ್ಲ. ಈಗ ತಿಂಗಳಲ್ಲಿ ಒಂದು ವಾರಾಂತ್ಯ ಬುಕಿಂಗ್ ತೆಗೆದುಕೊಳ್ಳುವುದಿಲ್ಲ ಎಂದು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿದ್ದೇವೆ. ನಷ್ಟವಾಗುತ್ತದೆ. ಅದನ್ನು ನನ್ನ ಸಂಬಳ ಎಂದು ಲೆಕ್ಕಕ್ಕೆ ಬರೆಯಿರಿ ಎಂದು ಯಜಮಾನರಿಗೆ ಹೇಳಿದ್ದೇನೆ.

ಅರಸೀಕೆರೆಯ ಶುಶ್ರೂಷಕಿ

ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಾಗಿ ಒಂದು ಎಚ್ಚರಿಕೆಯ ಮಾತು. ಪ್ರಶ್ನೆ ಕೇಳಿದವರು "ತ್ರಾಣ ಇರುವುದಿಲ್ಲ" ಎಂದು ಬರೆದಿದ್ದಾರೆ. ಎಲ್ಲ ದಣಿವೂ ಸಮಯದ ಕೊರತೆಯಿಂದಲೇ ಬಂದದ್ದಾಗಿರಬೇಕಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಥೈರಾಯ್ಡ್ ತೊಂದರೆಯೂ ಇದೇ ರೀತಿ ಸುಸ್ತು ತರುತ್ತದೆ. ಎರಡಕ್ಕೂ ರಕ್ತ ಪರೀಕ್ಷೆ ಸಾಕು, ಅದನ್ನು ಮೊದಲು ಮಾಡಿಸಿ.

ಹೊಸದಾಗಿ ಹೆತ್ತ ತಾಯಂದಿರಿಗೆ ಪ್ರತ್ಯೇಕವಾಗಿ ಹೇಳಬೇಕು. ಹೆರಿಗೆಯಾದ ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಆಗುತ್ತದೆ ಮತ್ತು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಅದು ಎರಡು ವಾರ ದಾಟಿ ಮುಂದುವರಿದರೆ, ನಿದ್ದೆ ಮಾಡಲು ಅವಕಾಶವಿದ್ದರೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೂ ಮನಸ್ಸು ಹೋಗದಿದ್ದರೆ, ಬಾಣಂತನದ ಸಂಕಟ ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅಂಥವರಿಗೆ ಪಾರ್ಕು, ಗ್ರಂಥಾಲಯ ಎಂದು ಸಲಹೆ ಕೊಡುತ್ತಾ ಕೂರಬಾರದು, ಚಿಕಿತ್ಸೆ ಬೇಕು.

ಕಡೂರಿನಿಂದ

ಇಲ್ಲಿ ಎಲ್ಲರೂ ಪತಿಗೆ ಒಪ್ಪಿಸಿ ಎನ್ನುತ್ತಿದ್ದೀರಿ. ನನ್ನ ಮನೆಯಲ್ಲಿ ನಾನು ಮತ್ತು ಮಗಳು ಇಬ್ಬರೇ. ಹಾಗಾಗಿ ನಾನು ಪಕ್ಕದ ಬೀದಿಯ ಇನ್ನೊಬ್ಬ ತಾಯಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದೇನೆ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಒಂದು ವಾರ ಇಬ್ಬರ ಮಕ್ಕಳೂ ನನ್ನ ಮನೆಯಲ್ಲಿ, ಮರು ವಾರ ಅವರ ಮನೆಯಲ್ಲಿ. ಇದು ನಿಲ್ಲಬೇಕಾದರೆ ಕೆಲವು ವಿಷಯಗಳನ್ನು ಮೊದಲೇ ಮಾತನಾಡಿಕೊಳ್ಳಬೇಕು. ಸರದಿಯಲ್ಲಿರುವ ಮನೆಯವರು ವಿಶೇಷ ಅಡುಗೆ ಮಾಡಬಾರದು, ಅನ್ನ ಸಾರು ಸಾಕು. ಇಲ್ಲದಿದ್ದರೆ ಅತಿಥಿ ಸತ್ಕಾರದ ಪೈಪೋಟಿ ಶುರುವಾಗುತ್ತದೆ. ಮಕ್ಕಳನ್ನು ಬಿಡಲು ಬಂದವರು ಬಾಗಿಲಲ್ಲೇ ಮಾತು ಮುಗಿಸಿ ಹೊರಡಬೇಕು, ಒಳಗೆ ಬಂದು ಕಾಫಿಗೆ ಕುಳಿತರೆ ಇಬ್ಬರ ಹೊತ್ತೂ ಹೋಯಿತು. ಮಕ್ಕಳು ಜಗಳವಾಡಿದರೆ ಅಲ್ಲಿರುವವರೇ ತೀರ್ಮಾನ ಮಾಡಬೇಕು, ಫೋನ್ ಮಾಡುವುದು ಜ್ವರ ಅಥವಾ ಗಾಯಕ್ಕೆ ಮಾತ್ರ. ಒಂದು ಸರದಿ ತಪ್ಪಿದರೆ ಅದನ್ನು ಸಾಲವೆಂದು ಎಣಿಸಬಾರದು.

ಬಿಡುವಾದ ಶನಿವಾರ ನಾನು ಏನು ಮಾಡುತ್ತೇನೆಂದು ಹಲವರು ಕೇಳಿದ್ದಾರೆ. ಹೆಚ್ಚಾಗಿ ಮಲಗುತ್ತೇನೆ.

ಚಿಕ್ಕಮಗಳೂರಿನ ಅಪ್ಪ

ಮೇಷ್ಟ್ರಮ್ಮನವರ ಮಾತಿನಂತೆ ತರಗತಿಯ ಗುಂಪಿಗೆ ಸೇರಿದ್ದೇನೆ. ಒಂದೇ ದಿನದಲ್ಲಿ ಇಷ್ಟೊಂದು ಸಂದೇಶಗಳು ಬರುತ್ತವೆಂದು ತಿಳಿದಿರಲಿಲ್ಲ. ನಾಳೆ ಹಳದಿ ಬಣ್ಣದ ಚಾರ್ಟ್ ಪೇಪರ್ ಬೇಕಂತೆ, ಅಂಗಡಿ ಮುಚ್ಚುವ ಮೊದಲು ಹೊರಡಬೇಕು.

ಹೇಮಾವತಿ ತೀರ (ಹಾಸನ)

ಎಲ್ಲರಿಗೂ ಕೃತಜ್ಞತೆಗಳು. ರಕ್ತ ಪರೀಕ್ಷೆಗೆ ಕೊಟ್ಟು ಬಂದಿದ್ದೇನೆ. ಮನೆಯಲ್ಲಿ ಮೂವರೂ ಕುಳಿತು ಮಾತನಾಡಿದೆವು. ಅತ್ತೆಯವರನ್ನು ಕೇಳಿದಾಗ, ಸಂಜೆ ಹಾಸನ ಆಕಾಶವಾಣಿ ಕೇಳುವ ಹೊತ್ತಿನಲ್ಲಿ ಮಕ್ಕಳು ಕೋಣೆಗೆ ಬರಬಾರದು ಎಂದಷ್ಟೇ ಹೇಳಿದರು. ಇಷ್ಟು ವರ್ಷ ಅವರು ಅದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಆರರಿಂದ ಏಳೂವರೆಯವರೆಗೆ ಮಕ್ಕಳು, ಹೋಂವರ್ಕು, ಊಟ ಎಲ್ಲವೂ ಪತಿಯ ಜವಾಬ್ದಾರಿ. ಅವರಿಗೆ ಕಚೇರಿಯಲ್ಲಿ ತಡವಾದರೆ ಮರುದಿನಕ್ಕೆ ಮುಂದೂಡಬೇಕೇ ಹೊರತು ಆ ವಾರದ್ದು ರದ್ದಾಗುವುದಿಲ್ಲ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳನ್ನು ಮಾತ್ರ ಹೊರಗಿಟ್ಟಿದ್ದೇವೆ. ಆಗ ಬೆಂಗಳೂರು, ಮೈಸೂರಿನ ನೆಂಟರೆಲ್ಲ ನಮ್ಮಲ್ಲೇ ಇಳಿಯುತ್ತಾರೆ, ಆ ವಾರ ಯಾರಿಗೂ ಏನೂ ಸಿಗದು. ಪತಿ ಇದನ್ನು ಎಷ್ಟು ದಿನ ಪಾಲಿಸುತ್ತಾರೆ ಎಂಬುದರ ಬಗ್ಗೆ ನನಗೆ ಪೂರ್ತಿ ಭರವಸೆಯಿಲ್ಲ, ಆದರೆ ಶಾಲೆಯ ಗುಂಪಿನಲ್ಲಿ ಈಗ ನನ್ನ ನಂಬರಿನ ಬದಲು ಅವರ ನಂಬರು ಇದೆ.

ಕಡೂರಿನವರ ಶನಿವಾರದ ಒಪ್ಪಂದ ನನಗೆ ಬಹಳ ಹಿಡಿಸಿತು. ಹಾಸನದ ವಿದ್ಯಾನಗರದ ಸುತ್ತಮುತ್ತ ಇರುವವರು, ಏಳೆಂಟು ವರ್ಷದ ಮಕ್ಕಳಿರುವವರು ಯಾರಾದರೂ ಇದ್ದರೆ ತಿಳಿಸಿ.

ಸಂಜೆಮಲ್ಲಿಗೆ (ಹಾಸನ)

ನಮ್ಮ ಮನೆಯೂ ವಿದ್ಯಾನಗರದಲ್ಲೇ ಇದೆ, ಮಗ ಮೂರನೇ ತರಗತಿ. ಶನಿವಾರ ಮಧ್ಯಾಹ್ನ ನನಗೂ ಅನುಕೂಲ, ಕಡೂರಿನವರ ಷರತ್ತುಗಳೂ ಒಪ್ಪಿಗೆ. ಒಂದೇ ವಿಷಯ, ನಮ್ಮ ಮನೆಯಲ್ಲಿ ನಾಯಿ ಇದೆ, ಕಚ್ಚುವುದಿಲ್ಲ, ಆದರೆ ಮೈಮೇಲೆ ಹಾರುತ್ತದೆ. ನಿಮ್ಮ ಮಕ್ಕಳಿಗೆ ಹೆದರಿಕೆಯಿದ್ದರೆ ಮೊದಲ ಸರದಿ ನಿಮ್ಮ ಮನೆಯಲ್ಲೇ ಆಗಲಿ.